ಗೂಡಿನೊಳಗಿನ ಲೋಹ, ಗೂಡಿನ ಮೇಲಿನ ಕಾಂತಗುಣ

ತಿಪಟೂರು ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಒಳಗಿನ ಗಿಟುಕಿನ ಲೊಡಲೊಡ ಸದ್ದು. ತುಮಕೂರಿನಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಫುಲರೀನ್ ಪಾಠ, ಅಂದರೆ ಒಳಗೆ ಲೋಹ ಕೂರಿಸಬಹುದಾದ ಇಂಗಾಲದ ಟೊಳ್ಳು ಗೂಡುಗಳ ಪಾಠ, ಮಾಡುತ್ತಿದ್ದಾಗ ಆ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಗೂಡಿನೊಳಗಿರೋ ಲೋಹ ಗಿಟುಕಿನ ಥರ ಬಿಡಿಯಾಗಿ ಇರುತ್ತಾ?"

ಸಾಮಾನ್ಯವಾಗಿ ಇರುವುದಿಲ್ಲ. ಯಾಕೆ ಅಂತ ಹುಡುಕಿದರೆ ಅದರ ಕಾಂತಗುಣದ ಗುಟ್ಟೂ ಸಿಗುತ್ತದೆ.

ಗೂಡು ಅಂದರೆ ಬರೀ ಇಂಗಾಲ. 1985ರಲ್ಲಿ ಕ್ರೋಟೊ, ಸ್ಮಾಲಿ, ಕರ್ಲ್ ಕಂಡ ಮೊದಲ ಗೂಡಿನಲ್ಲಿ 60 ಪರಮಾಣುಗಳಿದ್ದವು, ಫುಟ್‌ಬಾಲ್ ಆಕಾರ. ಲೋಹ ಕೂರಲು 80, 82 ಪರಮಾಣುಗಳ ದೊಡ್ಡ ಗೂಡುಗಳೇ ಅನುಕೂಲ. ಗ್ರಾಫೈಟ್ ಕಡ್ಡಿಯೊಳಗೆ ಲೋಹದ ಆಕ್ಸೈಡ್ ತುಂಬಿ, ಹೀಲಿಯಂ ಅನಿಲದಲ್ಲಿ ಆರ್ಕ್, ಅಂದರೆ ವಿದ್ಯುತ್ತಿನ ಉರಿಕಿಡಿ, ಹೊತ್ತಿಸುತ್ತಾರೆ. ಮಸಿ ಸಿಗುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಚೂರೇ ಚೂರು.

ಈಗ 82ರ ಗೂಡಿನೊಳಗೆ ಒಂದು ಗಡೋಲಿನಿಯಂ ಇದೆ ಅನ್ನಿ. ಅದು ತನ್ನ ಮೂರು ಎಲೆಕ್ಟ್ರಾನ್‌ಗಳನ್ನು ಗೂಡಿಗೆ ಕೊಟ್ಟುಬಿಡುತ್ತದೆ. ಲೋಹ ಪ್ಲಸ್, ಗೂಡು ಮೈನಸ್. ಹಾಗಾಗಿ ಲೋಹ ನಡುವೆ ನಿಲ್ಲದೆ ಒಂದು ಕಡೆಯ ಗೋಡೆಗೆ ಆತುಕೊಂಡು ಕೂರುತ್ತದೆ. ಇಷ್ಟು ಕೊಟ್ಟ ಮೇಲೂ ಅದರ ಬಳಿ 7 ಒಂಟಿ ಎಲೆಕ್ಟ್ರಾನ್ ಉಳಿದಿರುತ್ತವೆ. ಒಂದೊಂದೂ ಪುಟ್ಟ ಆಯಸ್ಕಾಂತ, ಏಳರದ್ದೂ ಒಂದೇ ದಿಕ್ಕು. ಅಣುವಿನ ಬಲ ಏಳರಷ್ಟು ಇರಬೇಕು, ಅಲ್ವಾ? ಚೆನ್ನಾಗಿ ತಣಿಸಿ ಅಳೆದರೆ ಸಿಗುವುದು ಆರರಷ್ಟು ಮಾತ್ರ.

ಉಳಿದ ಒಂದರ ಲೆಕ್ಕ ಗೂಡಿನಲ್ಲಿದೆ. ಗೂಡಿಗೆ ಹೋದದ್ದು ಮೂರು. ಎರಡು ಜೋಡಿಯಾಗಿ ಒಂದರ ಕಾಂತಗುಣವನ್ನು ಇನ್ನೊಂದು ಅಳಿಸಿಹಾಕಿದವು. ಮೂರನೆಯದು ಒಂಟಿಯಾಗಿ ಗೂಡಿನ ಮೈಮೇಲೆಲ್ಲ ಹರಡಿಕೊಂಡು, ಒಳಗಿನ ಏಳಕ್ಕೆ ಎದುರು ದಿಕ್ಕು ಹಿಡಿಯಿತು. ಏಳರಲ್ಲಿ ಒಂದು ಕಳೆದರೆ ಆರು. ಲ್ಯಾಂಥನಂ ಹಾಕಿದರೆ ಇನ್ನೂ ಸೊಗಸು. ಮೂರು ಕೊಟ್ಟ ಮೇಲೆ ಅದರ ಬಳಿ ಒಂಟಿ ಎಲೆಕ್ಟ್ರಾನ್ ಒಂದೂ ಇರುವುದಿಲ್ಲ. ಆದರೂ ಅಣುವಿಗೆ ಕಾಂತಗುಣ ಇದೆ, ಅದು ಹೆಚ್ಚುಕಡಿಮೆ ಪೂರ್ತಿ ಗೂಡಿನದೇ. ಅದಕ್ಕೇ ಗೂಡನ್ನು ಸುಮ್ನೆ ಡಬ್ಬಿ ಎಂದು ವಿವರಿಸುವುದು ನನಗೆ ಒಪ್ಪಿಗೆಯಿಲ್ಲ.

ಅಳತೆ ಮಾಡುವವರಿಗೆ ಒಂದು ಮಾತು. ಮಾದರಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಸ್ಟೀಲ್ ಚಿಮಟದಿಂದ ಮುಟ್ಟಬೇಡಿ. ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಸೇರಿದರೂ ಅದರ ಕಾಂತಗುಣದ ಸದ್ದೇ ಜಾಸ್ತಿ. ನಾನು ಹೀಗೆ ಮೂರು ದಿನದ ಅಳತೆ ಎಸೆದಿದ್ದೇನೆ. ಮಾದರಿ ಇಟ್ಟ ಕೊಳವೆಯಲ್ಲಿ ಗಾಳಿಯನ್ನೂ ಉಳಿಸಬೇಡಿ. ಆಮ್ಲಜನಕಕ್ಕೂ ಕಾಂತಗುಣವಿದೆ. 50 ಕೆಲ್ವಿನ್ (ಸುಮಾರು ಮೈನಸ್ 223 ಡಿಗ್ರಿ ಸೆಲ್ಸಿಯಸ್) ಆಸುಪಾಸಿನಲ್ಲಿ ಅಳತೆಯ ಗ್ರಾಫಿನ ಗೆರೆ ಉಬ್ಬಿದರೆ ಮೊದಲು ಅದನ್ನೇ ಅನುಮಾನಿಸಿ.

ಹುಡುಗಿಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. 80ರ ಗೂಡಿನೊಳಗೆ ಮೂರು ಸ್ಕ್ಯಾಂಡಿಯಂ, ನಡುವೆ ಒಂದು ಸಾರಜನಕ ಸೇರಿಸಬಹುದು. 1999ರಲ್ಲಿ ಇದನ್ನು ಮಾಡಿದರು. ಈ ಗುಂಪು ಗೂಡಿಗೆ ಆರು ಎಲೆಕ್ಟ್ರಾನ್ ಕೊಡುತ್ತದೆ. ಆರೂ ಜೋಡಿಯಾಗುತ್ತವೆ, ಗೂಡಿನ ಕಾಂತಗುಣ ಸೊನ್ನೆ. ಒಂದು ಸ್ಕ್ಯಾಂಡಿಯಂ ಬದಲು ಡಿಸ್ಪ್ರೋಸಿಯಂ ಇಟ್ಟರೆ ಕಾಂತಗುಣವೆಲ್ಲ ಅದೊಂದರದೇ. ಕೆಲವೇ ಕೆಲ್ವಿನ್ ಚಳಿಯಲ್ಲಿ ಅದು ಹಿಡಿದ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ ಎಂದು 2012ರಲ್ಲಿ ತೋರಿಸಿದರು. ಒಂದೊಂದು ಅಣುವೂ ಒಂದೊಂದು ಆಯಸ್ಕಾಂತ!

ಇನ್ನು ಆ ಮೂರು ಸ್ಕ್ಯಾಂಡಿಯಂನ ಗುಂಪು? ನಮ್ಮ ಕೋಣೆಯ ಬಿಸಿಯಲ್ಲಿ ಅದು ಗೂಡಿನೊಳಗೆ ಗರಗರ ತಿರುಗುತ್ತಿರುತ್ತದೆ. ಅಲ್ಲಿದೆ ನೋಡಮ್ಮ, ನೀನು ಕೇಳಿದ ಗಿಟುಕು.