ಮುಖ ಕಾಣದ ಮುದುಕ

ನನ್ನ ಚಿತ್ರಕಲಾ ತರಗತಿಯಲ್ಲಿ ಪ್ರತಿ ವರ್ಷ ಒಂದು ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ಮರದ ಕುರ್ಚಿಯಲ್ಲಿ ಕೂರಬೇಕು. ಮೊಣಕೈ ತೊಡೆಯ ಮೇಲೆ, ಎರಡೂ ಮುಷ್ಟಿ ಕಣ್ಣಿಗೆ ಒತ್ತಿರಬೇಕು. ಹತ್ತು ನಿಮಿಷ ಸಾಕು. ಹೊಟ್ಟೆ ಮಡಿಚಿಕೊಳ್ಳುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಎದ್ದಾಗ ಹುಬ್ಬಿನ ಮೇಲೆ ಗೆಣ್ಣಿನ ಕೆಂಪು ಗುರುತು. ಬರೆಯುತ್ತಿದ್ದವರನ್ನು ಕೇಳಿ ನೋಡಿ. ಕೆಲವರು "ಅಳ್ತಿದ್ದಾರೆ" ಅಂತಾರೆ. ಕೆಲವರು "ಬೇಡಿಕೊಳ್ತಿದ್ದಾರೆ" ಅಂತಾರೆ.

ಈ ಭಂಗಿ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಅವರ ಒಂದು ಚಿತ್ರದ್ದು. 1882ರ ನವೆಂಬರ್‌ನಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ವೃದ್ಧಾಶ್ರಮದ ಮುದುಕರೊಬ್ಬರನ್ನು ಕೂರಿಸಿ ಪೆನ್ಸಿಲ್‌ನಲ್ಲಿ ಬರೆದರು. ಅದೇ ತಿಂಗಳು ಕಲ್ಲಚ್ಚಿನಲ್ಲೂ (ಕಲ್ಲಿನಿಂದ ಕಾಗದಕ್ಕೆ ಅಚ್ಚೊತ್ತುವ ವಿಧಾನ) ತೆಗೆದರು. ಹೆಸರು 'ಅನಂತದ ಹೊಸ್ತಿಲಲ್ಲಿ'.

ಹಾಲೆಂಡಿನ ಚಿತ್ರಕಲೆಯಲ್ಲಿ ಬಡವರ ಸಂಕಟಕ್ಕೆ ದೊಡ್ಡ ಜಾಗ ಕೊಟ್ಟವರು ಯೋಸೆಫ್ ಇಸ್ರೇಲ್ಸ್. ಹೆಂಡತಿ ತೀರಿಕೊಂಡ ಬೆಸ್ತನೊಬ್ಬ ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು ಅವಳ ಸಮಾಧಿ ದಾಟಿ ಹೋಗುವ ಚಿತ್ರವನ್ನು 1856ರಲ್ಲಿ ಬರೆದರು. ಎತ್ತರ 244 ಸೆಂಟಿಮೀಟರ್! ಅಂಥ ಅಳತೆ ರಾಜರಿಗೆ, ಯುದ್ಧಗಳಿಗೆ ಸಲ್ಲುತ್ತಿತ್ತು. ವ್ಯಾನ್ ಗೋಗೆ ಇಸ್ರೇಲ್ಸ್ ಅಂದರೆ ತುಂಬಾ ಗೌರವ. ಆದರೆ ಇಸ್ರೇಲ್ಸ್ ಚಿತ್ರದಲ್ಲಿ ಕಥೆ ಇದೆ, ಯಾರು ಹೋದರು ಅಂತ ಗೊತ್ತಾಗುತ್ತದೆ. ವ್ಯಾನ್ ಗೋ ಆ ಕಥೆಯನ್ನೇ ತೆಗೆದುಬಿಟ್ಟರು.

1882ರ ಡಿಸೆಂಬರ್‌ನಲ್ಲಿ ವ್ಯಾನ್ ಗೋ ಅದೇ ಮುದುಕರನ್ನು ಊಟಕ್ಕೆ ಮುಂಚೆ ಪ್ರಾರ್ಥಿಸುವ ಹಾಗೆ ಬರೆದರು. ಅಲ್ಲಿ ಕೈ ಜೋಡಿಸಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಜೋಡಿಸಿದ ಕೈ ಚಿಕ್ಕಂದಿನಲ್ಲಿ ಯಾರೋ ಹೇಳಿಕೊಟ್ಟದ್ದು. ಈ ಮುಷ್ಟಿಯನ್ನು ಯಾರೂ ಹೇಳಿಕೊಟ್ಟಿಲ್ಲ, ಅಲ್ವಾ? ಅದಕ್ಕೇ ನನಗೆ ಮುಷ್ಟಿಯ ಚಿತ್ರವೇ ಜಾಸ್ತಿ ಪ್ರಾರ್ಥನೆ ಅನ್ನಿಸುತ್ತದೆ. ಒಲೆಯ ಮುಂದೆ ಸುಮ್ನೆ ಕೂತ ಮುದುಕನಲ್ಲಿ ದೇವರಿದ್ದಾನೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಕಾಣುತ್ತದೆ, ಆ ಮುದುಕನಿಗೇ ಅದು ಗೊತ್ತಿರಲಿಕ್ಕಿಲ್ಲ ಎಂಬ ಅರ್ಥದಲ್ಲಿ ವ್ಯಾನ್ ಗೋ ತಮ್ಮನಾದ ಥಿಯೋಗೆ ಪತ್ರ ಬರೆದಿದ್ದರು.

1890ರ ಮೇ ತಿಂಗಳಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಹಳೆಯ ಕಲ್ಲಚ್ಚನ್ನೇ ಇಟ್ಟುಕೊಂಡು ಎಣ್ಣೆಬಣ್ಣದಲ್ಲಿ ಮತ್ತೆ ಬರೆದರು. ನೀಲಿ ಬಟ್ಟೆ, ಹಲಗೆ ನೆಲ, ಎಡಗಡೆ ಸಣ್ಣ ಬೆಂಕಿ. ಜುಲೈ 29ಕ್ಕೆ ಅವರೇ ಇರಲಿಲ್ಲ. ಈ ಚಿತ್ರ ಈಗ ಹಾಲೆಂಡಿನ ಒಟರ್ಲೋದ ಕ್ರೊಲರ್ ಮ್ಯೂಲರ್ ಮ್ಯೂಸಿಯಂನಲ್ಲಿದೆ.

ಇದನ್ನು ನೋಡಿ ಬರೆಯುವವರು ಮುಖ ಹುಡುಕುತ್ತಾ ಕೂರಬೇಡಿ. ಬೆನ್ನಿನ ಗೆರೆಯಿಂದ ಶುರು ಮಾಡಿ. ಅದು ತೀರಾ ಬಾಗಿದರೆ ಮುದುಕ ನಿದ್ದೆ ಹೋದ ಹಾಗೆ ಕಾಣುತ್ತಾನೆ. ನೆಟ್ಟಗಾದರೆ ತಲೆನೋವು ಬಂದವನ ಹಾಗೆ. ನಡುವಿನ ಆ ಗೆರೆ ಸಿಗುವವರೆಗೂ ಅಳಿಸಿ, ಮತ್ತೆ ಎಳೆಯಿರಿ.