ಕಡಲಂಚಿನ ಹಳೆ ಗಾಡಿ ತೋಟಕ್ಕೆ ತರುವ ಮುಂಚೆ

ಅಡಿಕೆ ಕೊನೆ (ಗೊಂಚಲು) ಕೊಯ್ಲು ಹತ್ತಿರ ಬಂತು ಅಂದರೆ ಶಿರಸಿಯ ನಮ್ಮ ಗ್ಯಾರೇಜಿಗೆ ಫೋನ್ ಶುರುವಾಗುತ್ತದೆ. "ಗೋಕರ್ಣದ ಬದಿಗೆ ಒಂದು ಸೈಡ್ ಬೈ ಸೈಡ್ ಮಾರಾಟಕ್ಕೆ ಇದ್ದಡ. ತಗಂಬ್ಲಕ್ಕಾ?" ಆಸೆ ಆಗುವುದು ಸಹಜ. ಕೆಲಸಕ್ಕೆ ಆಳು ಸಿಗುವುದಿಲ್ಲ. ಕೊನೆ, ಗೊಬ್ಬರ, ಬೆಟ್ಟದ ಸೊಪ್ಪು, ದರಕು (ಒಣ ಎಲೆ) ಎಲ್ಲವನ್ನೂ ತಲೆಹೊರೆಯಲ್ಲೇ ಸಾಗಿಸಬೇಕು. ಜೀಪು ತೋಟದ ಬುಡದವರೆಗೆ ಹೋಗುತ್ತದೆ, ಒಳಗೆ ತಿರುಗುವುದಿಲ್ಲ. ಇಬ್ಬರು ಪಕ್ಕಪಕ್ಕ ಕೂರುವ, ಸ್ಟೇರಿಂಗ್ ಇರುವ, ನಾಲ್ಕೂ ಗಾಲಿ ಎಳೆಯುವ, ಹಿಂದೆ ಎತ್ತಿ ಸುರಿಯುವ ತೊಟ್ಟಿ ಇರುವ ಈ ಗಾಡಿ ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹೊಸದರ ಬೆಲೆ ಕೇಳಿದವರು ಹಳೆಯದನ್ನು ಹುಡುಕುತ್ತಾರೆ.

ಫೋನ್ ಮಾಡಿದವರು ಮೊದಲು ಹೇಳುವುದು ಎಷ್ಟು ಗಂಟೆ ಓಡಿದೆ ಅಂತ. ನಾನು ಮೊದಲು ಕೇಳುವುದು ಎಲ್ಲಿ ಓಡಿದೆ ಅಂತ. ಐನೂರು ಗಂಟೆ ತೋಟದಲ್ಲಿ ದುಡಿದ ಗಾಡಿಯನ್ನು ನಾನು ಧೈರ್ಯವಾಗಿ ಕೊಡಿಸುತ್ತೇನೆ. ನೂರೈವತ್ತೇ ಗಂಟೆ ಸಮುದ್ರದ ದಂಡೆಯಲ್ಲಿ ಬಾಡಿಗೆಗೆ ಓಡಿದ್ದಾದರೆ ಬಹಳ ಯೋಚನೆ ಮಾಡುತ್ತೇನೆ. ಉಪ್ಪುನೀರು ಮತ್ತು ಮರಳು ಮಾಡುವ ಹಾಳು ಮೀಟರಿನಲ್ಲಿ ಕಾಣುವುದಿಲ್ಲ.

ಉಪ್ಪಿನ ಗುರುತು ಹುಡುಕುವುದು ಕಷ್ಟ ಅಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು ಅಷ್ಟೇ. ಸೀಟು ಎತ್ತಿ. ವೈರಿನ ಜೋಡಣೆಗಳನ್ನು ಒಂದೆರಡು ಕಡೆ ಬಿಚ್ಚಿ. ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ಉಪ್ಪುನೀರು ಅಲ್ಲಿಯವರೆಗೂ ಬಂದಿದೆ ಅಂತಲೇ ಲೆಕ್ಕ. ಇಂಥ ಗಾಡಿ ಒಂದು ದಿನ ಸ್ಟಾರ್ಟ್ ಆಗುತ್ತದೆ, ಇನ್ನೊಂದು ದಿನ ಆಗುವುದಿಲ್ಲ. ಪವರ್ ಸ್ಟೇರಿಂಗಿನ ಲೈಟು ಸುಮ್ನೆ ಉರಿಯುತ್ತದೆ, ಆರುತ್ತದೆ. ಕಾರಣ ಹುಡುಕುತ್ತಾ ಮೆಕ್ಯಾನಿಕ್ಕಿಗೂ ಸಾಕಾಗುತ್ತದೆ, ನಿಮಗೂ ಸಾಕಾಗುತ್ತದೆ. ಆಮೇಲೆ ರೇಡಿಯೇಟರ್ ನೋಡಿ. ಅದರ ತೆಳು ಅಲ್ಯೂಮಿನಿಯಂ ರೆಕ್ಕೆಗಳು ಬೆರಳು ತಾಗಿದರೆ ಬಿಳಿ ಪುಡಿಯಾಗಿ ಉದುರಿದರೆ ಅದರ ಆಯುಷ್ಯ ಮುಗಿದಿದೆ.

ಚಾಸಿ, ಅಂದರೆ ಗಾಡಿಯ ಚೌಕಟ್ಟಿನ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗೆ ಪೇಂಟ್ ಚೊಲೋ ಇರುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಸೊರಗಿದ ಕಡೆ ಸದ್ದು ಮಂಕಾಗುತ್ತದೆ. ನೀರು ಇಳಿಯಲೆಂದು ಬಿಟ್ಟ ತೂತುಗಳ ಕೆಳಗೆ ಕಂದು ಬಣ್ಣದ ಪದರ ಉದುರುತ್ತಿದ್ದರೆ ಅಲ್ಲೇ ಮಾತು ನಿಲ್ಲಿಸಿ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೂ ನನಗೆ ಅನುಮಾನ. ಹತ್ತು ವರ್ಷದ ಗಾಡಿಯ ಹೊಟ್ಟೆಗೆ ಯಾರೂ ಚಂದಕ್ಕಾಗಿ ಬಣ್ಣ ಹೊಡೆಯುವುದಿಲ್ಲ, ಅಲ್ವಾ?

ಮರಳಿನ ಕಥೆ ಬೇರೆ. ಏರ್ ಫಿಲ್ಟರ್ ಹೊಸದಾಗಿ ಹಾಕಿ ತೋರಿಸುತ್ತಾರೆ, ಅದನ್ನು ನೋಡಿ ಪ್ರಯೋಜನ ಇಲ್ಲ. ಫಿಲ್ಟರ್ ತೆಗೆದು ಇಟ್ಟು, ಅದರ ಆಚೆಗೆ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬೆರಳು ಹಾಕಿ ಒರೆಸಿ. ಬೆರಳು ಸ್ವಚ್ಛವಾಗಿ ಬರಬೇಕು. ನವಿರಾದ ದೂಳು ಅಂಟಿಕೊಂಡು ಬಂದರೆ ಅದು ಪಿಸ್ಟನ್ನಿಗೂ ಸಿಲಿಂಡರಿಗೂ ಹೋಗಿ ಉಜ್ಜಿದೆ. ಅಂಥ ಎಂಜಿನ್ ಮೊದಮೊದಲು ಚಂದ ಓಡುತ್ತದೆ, ಆಮೇಲೆ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಕಂಪ್ರೆಶನ್ ಪರೀಕ್ಷೆ (ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸದೆ ಮುಂದೆ ಹೋಗಬೇಡಿ.

ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಜೀಪಿನಂತೆ ಕ್ಲಚ್ ಪ್ಲೇಟು ಇಲ್ಲ. ಎರಡು ಪುಲ್ಲಿಯ ನಡುವೆ ಒಂದು ಅಗಲವಾದ ರಬ್ಬರ್ ಬೆಲ್ಟು ಓಡುತ್ತದೆ. ಸ್ಕೂಟಿಯಲ್ಲಿ ಇರುವಂಥದ್ದೇ, ದೊಡ್ಡದು. ಬೆಲ್ಟು ಬಾಳುವುದೂ ಹಾಳಾಗುವುದೂ ಓಡಿಸುವವರ ಕೈಯಲ್ಲಿದೆ. ಹೊರೆ ಹೇರಿ ಏರು ಹತ್ತುವಾಗ ಗೇರು ಲೋ (ನಿಧಾನಕ್ಕೆ, ಬಲವಾಗಿ ಎಳೆಯುವ) ಸ್ಥಾನದಲ್ಲಿ ಇರಬೇಕು. ಹೈ (ವೇಗದ) ಸ್ಥಾನದಲ್ಲಿ ಇಟ್ಟು ಎಕ್ಸಲೇಟರ್ ಒತ್ತಿದರೆ ಬೆಲ್ಟು ಜಾರಿ ಸುಡುತ್ತದೆ. ಬಾಡಿಗೆ ಗಾಡಿ ಹೈನಿಂದ ಇಳಿದೇ ಇರುವುದಿಲ್ಲ ಅಂದರೆ ತಪ್ಪಿಲ್ಲ. ಅದಕ್ಕೆ ಬೆಲ್ಟಿನ ಕವರ್ ಬಿಚ್ಚಿ ನೋಡಲೇಬೇಕು. ಕೆಲವೇ ಬೋಲ್ಟು, ಅರ್ಧ ತಾಸಿನ ಕೆಲಸ. ಬಿಚ್ಚಲು ಒಪ್ಪದ ಮಾಲೀಕನ ಗಾಡಿ ಬೇಡ. ಬೆಲ್ಟಿನ ಅಂಚು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸುಟ್ಟಿದೆ. ಬೆಲ್ಟು ಒಂದೇ ಜಾಗದಲ್ಲಿ ಸಣ್ಣಗೆ ಸವೆದಿದ್ದರೆ, ಕೆಸರಲ್ಲಿ ಹೂತು ನಿಂತ ಗಾಡಿಯನ್ನು ಯಾರೋ ಎಕ್ಸಲೇಟರ್ ಒತ್ತಿ ಎಬ್ಬಿಸಲು ನೋಡಿದ್ದಾರೆ. ಬೆಲ್ಟು ಹೊಸದಿದ್ದು ಕವರಿನ ಮೂಲೆಯಲ್ಲಿ ಹಳೆ ಬೆಲ್ಟಿನ ನೂಲು, ರಬ್ಬರ್ ಚೂರು ಸಿಕ್ಕರೆ ಒಮ್ಮೆ ಓಡುತ್ತಿರುವಾಗಲೇ ಹರಿದಿದೆ ಅಂತ. ಪುಲ್ಲಿಯ ಮೈಮೇಲೆ ಗೀರು, ಗುಳಿ ಬಿದ್ದಿದ್ದರೆ ಬರೀ ಬೆಲ್ಟು ಬದಲಿಸಿ ಸುಖ ಇಲ್ಲ. ಪುಲ್ಲಿಯ ಖರ್ಚು ಬೆಲ್ಟಿನ ಖರ್ಚಿಗಿಂತ ಬಹಳ ಜಾಸ್ತಿ.

ನಮ್ಮ ಕಡೆ ಹಳ್ಳ ದಾಟದೆ ತೋಟಕ್ಕೆ ಹೋಗುವವರು ಕಡಿಮೆ. ಹೀಗಾಗಿ ಆಯಿಲ್ ನೋಡುವಾಗ ಎಂಜಿನ್ನಿಗೆ ನಿಲ್ಲಿಸಬೇಡಿ. ಗೇರ್ ಬಾಕ್ಸು, ಮುಂದಿನ ಡಿಫರೆನ್ಶಿಯಲ್ (ಎರಡು ಗಾಲಿಗೆ ಬಲ ಹಂಚುವ ಗೇರಿನ ಪೆಟ್ಟಿಗೆ) ಎರಡರದ್ದೂ ಚೂರು ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಒಳಗೆ ನೀರು ಹೋಗಿದೆ. ನೀರು ಎಷ್ಟು ದಿನ ಒಳಗಿತ್ತು ಅಂತ ಯಾರಿಗೂ ಹೇಳಲು ಬರುವುದಿಲ್ಲ, ಬೇರಿಂಗು ಹೇಗಿದೆ ಅಂತಲೂ ಬಿಚ್ಚದೆ ಗೊತ್ತಾಗುವುದಿಲ್ಲ.

ಉಳಿದದ್ದು ಯಾವ ಮೆಕ್ಯಾನಿಕ್ಕೂ ಮಾಡುವ ಪರೀಕ್ಷೆ. ಜ್ಯಾಕ್ ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಬೇರಿಂಗು, ಬಾಲ್ ಜಾಯಿಂಟು, ಬುಶ್ ಸವೆದಿದೆಯಾ ಅಂತ ಗೊತ್ತಾಗುತ್ತದೆ. ಆಕ್ಸಲಿನ ಜೋಡಣೆ ಮುಚ್ಚುವ ರಬ್ಬರ್ ಬೂಟು ಹರಿದಿದೆಯಾ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಓಡಿಸಿದಾಗ ಟಕ್ ಟಕ್ ಸದ್ದು ಬರಬಾರದು.

ಮೀಟರಿನಲ್ಲಿ ಗಂಟೆಯೂ ಕಿಲೋಮೀಟರೂ ಎರಡೂ ಇದ್ದರೆ ಒಂದನ್ನು ಇನ್ನೊಂದರಿಂದ ಭಾಗಿಸಿ. 400 ಗಂಟೆಗೆ 4,000 ಕಿ.ಮೀ. ಅಂದರೆ ಗಂಟೆಗೆ ಸರಾಸರಿ 10 ಕಿ.ಮೀ. ಅದು ತೋಟದ ನಡಿಗೆ. ಅಷ್ಟೇ ಗಂಟೆಗೆ 12,000 ಇದ್ದರೆ ಗಾಡಿ ಜೋರಾಗಿ ಓಡಿದೆ. ಮಾಲೀಕ ಹೇಳಿದ್ದಕ್ಕೂ ಈ ಲೆಕ್ಕಕ್ಕೂ ತಾಳೆ ಬೀಳಬೇಕು.

ಓಡಿಸಿ ನೋಡುವುದು ಸಪಾಟು ಅಂಗಳದಲ್ಲಿ ಬೇಡ. ಹೋಗುವ ಮುಂಚೆಯೇ ಹೇಳಿ, ಸ್ಟಾರ್ಟ್ ಮಾಡಿ ಇಡಬೇಡಿ ಅಂತ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಎಂಜಿನ್ ಸುಲಭಕ್ಕೆ ಸ್ಟಾರ್ಟ್ ಆಗುತ್ತದೆ, ರೋಗ ಮುಚ್ಚಿಡುತ್ತದೆ. ಆಮೇಲೆ ತೊಟ್ಟಿಗೆ ನಾಲ್ಕು ಚೀಲ ಮಣ್ಣು ಹಾಕಿ ಒಂದು ಏರಿನ ಅರ್ಧಕ್ಕೆ ಹೋಗಿ ನಿಲ್ಲಿಸಿ. ಲೋ ಗೇರಿನಲ್ಲಿ ಅಲ್ಲಿಂದಲೇ ಮತ್ತೆ ಎತ್ತಿ. ಜರ್ಕು, ಸುಟ್ಟ ವಾಸನೆ ಬಂದರೆ ಬೆಲ್ಟಿನ ವಿಷಯಕ್ಕೆ ವಾಪಸು ಹೋಗಬೇಕು. ಇಳಿಯುವಾಗ ಎಕ್ಸಲೇಟರ್ ಬಿಡಿ. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಬೇಕು. ಕೆಲವು ಮಾಡೆಲ್ಲಿಗೆ ಈ ಏರ್ಪಾಡೇ ಇರುವುದಿಲ್ಲ, ಪೂರ್ತಿ ಬ್ರೇಕಿನ ಮೇಲೆ ಇಳಿಯಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಚಿರೇಕಲ್ಲಿನ ದಾರಿ ಇರುವವರು ಅಂಥದ್ದನ್ನು ತಗೊಳ್ಳಲೇಬಾರದು ಅಂತ ನನ್ನ ಅಭಿಪ್ರಾಯ.

ಮೇಲಿನ ಕಬ್ಬಿಣದ ಪಂಜರವನ್ನು ನಿಧಾನವಾಗಿ ನೋಡಿ. ಅದು ನೆರಳಿಗೆ ಇಟ್ಟದ್ದಲ್ಲ, ಗಾಡಿ ಮಗುಚಿದಾಗ ತಲೆ ಉಳಿಸಲು ಇಟ್ಟದ್ದು. ಒಮ್ಮೆ ಮಗುಚಿ ಬಾಗಿದ್ದನ್ನು ಬಡಿದು ನೇರ ಮಾಡಿ ವೆಲ್ಡಿಂಗ್ ಹೊಡೆದಿದ್ದರೆ ಅದಕ್ಕೆ ಮೊದಲಿನ ಗಟ್ಟಿತನ ಇಲ್ಲ. ಸೀಟ್ ಬೆಲ್ಟು ಹಾಳಾಗಿದ್ದರೂ ಬದಲಿಸಿಯೇ ಓಡಿಸಿ. ಬೆಲ್ಟು ಕಟ್ಟದೆ ಇದ್ದವನು ಮಗುಚುವಾಗ ಹೊರಗೆ ಬಿದ್ದು ಅದೇ ಪಂಜರದ ಅಡಿಗೆ ಸಿಕ್ಕುತ್ತಾನೆ. ಹಿಂದಿನ ತೊಟ್ಟಿಯಲ್ಲಿ ಕೆಲಸದವರನ್ನು ನಿಲ್ಲಿಸಿಕೊಂಡು ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ತೊಟ್ಟಿ ಸಾಮಾನಿಗೆ. ಅದಕ್ಕೂ ಮಿತಿ ಇದೆ. ಉದಾಹರಣೆಗೆ, ಪೊಲಾರಿಸ್ ಕಂಪನಿಯ ರೇಂಜರ್ 570 ಮಾಡೆಲ್ಲಿನ ತೊಟ್ಟಿಗೆ ಕಂಪನಿ ಹೇಳುವುದು ಸುಮಾರು 227 ಕೆ.ಜಿ. ಹಸಿ ಕೊನೆ ತುಂಬಿದರೆ ಅಷ್ಟು ತೂಕ ಬೇಗ ಆಗುತ್ತದೆ.

ಇನ್ನು ಕಾಗದಪತ್ರ. ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆರ್‌ಸಿ ಇರುವುದಿಲ್ಲ. ರಸ್ತೆಗೆ ಇಳಿಸಲು ನೋಂದಣಿ ಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಹೇಳುತ್ತದೆ, ಥರ್ಡ್ ಪಾರ್ಟಿ ವಿಮೆ ಬೇಕು ಅಂತ 146ನೇ ಕಲಂ. ನಿಮ್ಮ ಜಮೀನಿನ ಬೇಲಿಯೊಳಗೆ ಓಡಿಸುವುದು ಬೇರೆ. ಮನೆಗೂ ತೋಟಕ್ಕೂ ನಡುವೆ ಡಾಂಬರು ರಸ್ತೆ ದಾಟಬೇಕಾದರೆ ಪ್ರಶ್ನೆ ಬದಲಾಗುತ್ತದೆ. ಅಲ್ಲಿ ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಕೈಯಿಂದಲೇ. ತಗೊಳ್ಳುವ ಮುಂಚೆ ಶಿರಸಿಯಲ್ಲೋ ಕಾರವಾರದಲ್ಲೋ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮಾಡೆಲ್ ಹೆಸರು ಹೇಳಿ ಕೇಳಿ. ಆರ್‌ಸಿ ಇಲ್ಲದ ಗಾಡಿಗೆ ಮೊದಲ ಖರೀದಿಯ ಬಿಲ್ಲು ಬೇಕೇ ಬೇಕು. ಚಾಸಿ ನಂಬರು ಬಿಲ್ಲಿನದ್ದಕ್ಕೆ ಕೂಡಬೇಕು. ನಂಬರಿನ ಜಾಗ ಉಜ್ಜಿದಂತೆ ಕಂಡರೆ ಎದ್ದು ಬನ್ನಿ.

ಐಷರ್, ಪೊಲಾರಿಸ್ ಎರಡೂ ಸೇರಿ ಮಾಡಿದ ಕಂಪನಿ ಐಷರ್ ಪೊಲಾರಿಸ್‌ನ ಮಲ್ಟಿಕ್ಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. 2015ರಲ್ಲಿ ಬಂದ ಡೀಸೆಲ್ ಗಾಡಿ, ಆರ್‌ಸಿ ಇರುತ್ತದೆ, ಮನೆಗೆ ಕರೆಂಟು ಕೊಡುವ ಏರ್ಪಾಡೂ ಇದೆ. ಆದರೆ 2020ರಲ್ಲಿ ಆ ಜಂಟಿ ಕಂಪನಿಯೇ ಮುಚ್ಚಿತು. ಗಾಡಿ ನೋಡಲು ಹೋಗುವ ಮುಂಚೆ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಆರ್‌ಸಿ ಹೆಸರು ಬದಲಿಸಲು ಫಾರ್ಮ್ 29, 30 ಬೇಕು. ಬೇರೆ ರಾಜ್ಯದ್ದಾದರೆ ಎನ್‌ಒಸಿಗೆ ಫಾರ್ಮ್ 28, ಸಾಲದ ಗಾಡಿಯಾದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35. ಇವೆಲ್ಲ ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ.

ಬೆಲೆ ಮಾತಾಡುವಾಗ ಬೆಲ್ಟು, ಎಲ್ಲ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡು, ಬ್ಯಾಟರಿ ಇಷ್ಟನ್ನು ಹೇಗೂ ಹೊಸದು ಹಾಕಬೇಕು ಅಂತಲೇ ಲೆಕ್ಕ ಹಿಡಿದು ಕಡಿಮೆ ಕೇಳಿ. ನಿಮ್ಮ ಹತ್ತಿರದ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಅವರ ದಿನದ ಸಂಬಳ ಕೊಡಿ. ಸಾಧ್ಯವಾದರೆ ಮಳೆಗಾಲ ಮುಗಿಯುವ ಮುಂಚೆಯೇ ನೋಡಿ ಬನ್ನಿ. ಕೊಯ್ಲಿನ ಹೊತ್ತಿಗೆ ಎಲ್ಲರಿಗೂ ಗಾಡಿ ಬೇಕು, ಆಗ ಬೆಲ್ಟಿನ ಕವರ್ ಬಿಚ್ಚಿ ನೋಡಲು ಮಾಲೀಕರು ಬಿಡುವುದಿಲ್ಲ.