ಸೂರ್ಯ ಸಿಡಿದದ್ದು ಮುನ್ನೂರು ಗ್ರಾಂ ತಂತಿಗೆ ಗೊತ್ತಾಗುತ್ತದೆ

‘ಇಂದು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ದೂರ ಇಡಿ, ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾಯುತ್ತವೆ.’ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ತಿರುಗುವ ಈ ಸಂದೇಶ ಬರೆದವನಿಗೆ ಹೊತ್ತು ಆರಿಸಲೂ ಬರಲಿಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಕ್ಕೆ ವೇಳಾಪಟ್ಟಿ ಇಲ್ಲ. ಅದರಿಂದ ಹುಟ್ಟಿದ ಮ್ಯುಯಾನ್ ಎಂಬ ಸೂಕ್ಷ್ಮ ಕಣಗಳು ಈಗಲೂ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ತೂರಿಹೋಗುತ್ತಿವೆ. ಅವುಗಳ ಕಾಟ ತಪ್ಪಿಸಿಕೊಂಡು ನೆಲವನ್ನೂ ಸಲೀಸಾಗಿ ತೂರಿಬರುವ ನ್ಯೂಟ್ರಿನೊ ಕಣ ಹಿಡಿಯಲೆಂದೇ 1965ರಲ್ಲಿ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ ಕೂತರು. ಆ ಗಣಿಯಿಂದ ಬಂದ ಚಿನ್ನಕ್ಕಿಂತ ಇದೇ ದೊಡ್ಡ ಗಳಿಕೆ ಅನ್ನುವವನು ನಾನು.

ಸೂರ್ಯನ ಸ್ಫೋಟದ ಕಥೆಯೇ ಬೇರೆ, ಅದರ ಸುಳಿವು ಸಿಗಲು ಹಗಲೇ ಬೇಕು. ಸೌರಜ್ವಾಲೆ ಎನ್ನುವ ಆ ಸ್ಫೋಟದ ಎಕ್ಸ್ ಕಿರಣ 8 ನಿಮಿಷ 20 ಸೆಕೆಂಡಿನಲ್ಲಿ ನಮ್ಮನ್ನು ತಲುಪುತ್ತದೆ, ಆದರೆ ನೆಲ ಮುಟ್ಟುವುದಿಲ್ಲ. 60ರಿಂದ 90 ಕಿ.ಮೀ. ಎತ್ತರದಲ್ಲಿ, ವಾತಾವರಣದ ಡಿ ಎಂಬ ಪದರದಲ್ಲೇ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ತೀರಿಹೋಗುತ್ತದೆ. ಹೊತ್ತು ಮುಳುಗಿತೆಂದರೆ ಈ ಪದರವೂ ಕರಗುತ್ತದೆ.

ಶಾರ್ಟ್‌ವೇವ್ ಅಲೆ ಈ ಪದರವನ್ನು ದಾಟಿ ಮೇಲಿನಿಂದ ಮರಳಬೇಕು. ಸಿದ್ಧಗಂಗೆ ಜಾತ್ರೆಯ ನೂಕುನುಗ್ಗಲಲ್ಲಿ ತುಂಬಿದ ಕೊಡ ಹೊತ್ತು ಹೊರಟವರ ಪಾಡು ಅದರದು: ಅಲೆಯ ತಾಳಕ್ಕೆ ಕುಣಿಯುವ ಎಲೆಕ್ಟ್ರಾನ್‌ಗಳು ಅಣುಗಳಿಗೆ ಡಿಕ್ಕಿ ಹೊಡೆದು ಶಕ್ತಿ ಚೆಲ್ಲುತ್ತವೆ. ಜ್ವಾಲೆಯ ದಿನ ಎಲೆಕ್ಟ್ರಾನ್ ಹೆಚ್ಚು, ಕೊಡ ಪೂರ್ತಿ ಬರಿದು, ರೇಡಿಯೋ ಗಪ್‌ಚುಪ್. 18.2 ಕಿಲೋಹರ್ಟ್ಸ್‌ನಂಥ ನಿಧಾನ ಕಂಪನದ ಅಲೆ ಮಾತ್ರ ಒಳನುಗ್ಗದೆ ಪದರದ ತಳಕ್ಕೆ ಬಡಿದು ಪುಟಿಯುತ್ತದೆ. ಉತ್ತ ಹೊಲಕ್ಕೆ ಎಸೆದ ಚೆಂಡು ಏಳುವುದೇ ಕಷ್ಟ; ಸಗಣಿ ಸಾರಿಸಿದ ರಾಗಿ ಕಣದಲ್ಲಿ ಚಿಮ್ಮುತ್ತದೆ. ಜ್ವಾಲೆ ಹೊಲವನ್ನು ಕಣ ಮಾಡುತ್ತದೆ, ಮೇಲಾಗಿ ಅದನ್ನು ಕೆಲವು ಕಿ.ಮೀ. ಕೆಳಕ್ಕೂ ಇಳಿಸುತ್ತದೆ.

1942ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸೇನಾ ರೇಡಾರ್‌ಗಳಲ್ಲಿ ಗದ್ದಲ ತುಂಬಿದಾಗ ಎಲ್ಲರಿಗೂ ಜರ್ಮನ್ನರ ಮೇಲೇ ಅನುಮಾನ. ಗದ್ದಲದ ದಿಕ್ಕು ಸೂರ್ಯನ ಜೊತೆಗೇ ಸರಿಯುತ್ತಿದೆ ಎಂದು ಭೌತವಿಜ್ಞಾನಿ ಜೆ. ಎಸ್. ಹೇ ಪತ್ತೆ ಹಚ್ಚಿದರು. ಸೂರ್ಯ ತಾನೇ ಹೊಮ್ಮಿಸುವ ಅಂಥ ರೇಡಿಯೋ ಅಲೆಗಳನ್ನು ಗೌರಿಬಿದನೂರಿನ ರೇಡಿಯೋಹೀಲಿಯೋಗ್ರಾಫ್ 1997ರಿಂದ ಚಿತ್ರವಾಗಿಸುತ್ತಿದೆ. ಅಷ್ಟು ದೊಡ್ಡ ಆಂಟೆನಾ ಸಾಲು ಶಾಲೆಗೆ ಎಟುಕದು. ಡಿ ಪದರದ ಪುಟಿತ ಎಟುಕುತ್ತದೆ.

ಅದನ್ನು ಹಿಡಿಯುವ ಆಂಟೆನಾಕ್ಕೆ ಒಂದು ಮೀಟರ್ ಚದರದ ಮರದ ಚೌಕಟ್ಟು ಮಾಡಿ, ಕಬ್ಬಿಣ ಬೇಡ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 26 ಗೇಜಿನ ಎನಾಮಲ್ ತಂತಿ ತೂಕಕ್ಕೆ ಸಿಗುತ್ತದೆ. 50 ಸುತ್ತಿಗೆ 200 ಮೀಟರ್, ಅಂದರೆ ಸುಮಾರು 300 ಗ್ರಾಂ. ತುದಿಗಳ ಎನಾಮಲ್ ಕೆರೆದು, ಒಂದು ತುದಿಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಲ್ಯಾಪ್‌ಟಾಪಿನ ಮೈಕ್ ಜ್ಯಾಕಿಗೆ ಕೊಡಿ. ಸ್ಯಾಂಪ್ಲಿಂಗ್ (ಲ್ಯಾಪ್‌ಟಾಪ್ ಸಿಗ್ನಲ್ ಅಳೆಯುವ ವೇಗ) 48 ಕಿಲೋಹರ್ಟ್ಸ್ ಇರಲಿ, ಆಗ 24ರವರೆಗಿನ ಅಲೆ ಕಾಣುತ್ತದೆ. ‘ನಾಯ್ಸ್ ರಿಡಕ್ಷನ್’ ಆಫ್ ಮಾಡದಿದ್ದರೆ ಬೇಕಾದ ಸಿಗ್ನಲನ್ನೇ ಅದು ಗದ್ದಲವೆಂದು ಒರೆಸಿಹಾಕುತ್ತದೆ. ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನ ನೌಕಾಪಡೆ ಕೇಂದ್ರ 18.2ರಲ್ಲಿ, ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್ ಕೇಂದ್ರ 19.8 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತವೆ. ಮೊದಲನೆಯದು ತುಮಕೂರಿಗೆ ಹೆಚ್ಚುಕಡಿಮೆ ನೇರ ದಕ್ಷಿಣ, ಸುಮಾರು 550 ಕಿ.ಮೀ. ಚೌಕಟ್ಟಿನ ಮುಖವಲ್ಲ, ಅಂಚು ಆ ಕಡೆಗಿರಬೇಕು. ಎಲ್ಲರೂ ಎಡವುವುದು ಇಲ್ಲೇ.

ಕೇಂದ್ರದ ಅಲೆಯ ಬಲ ಹೊತ್ತಿನ ಜೊತೆ ಏರಿಳಿಯುವುದನ್ನು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಬರೆಸಿ. ಮೊದಲ ವಾರ ಬರೀ ಕಸ ಬರುತ್ತದೆ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪಿನದೇ ಅಡಾಪ್ಟರ್ ಒಂದೊಂದಾಗಿ ಕಿತ್ತು ನೋಡಿ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಮಿಂಚಿನ ಮೊನೆಗಳು ಗೆರೆಯ ತುಂಬ. ಆ ಹೊತ್ತಿಗೆ ಬಯಲಿನ ಆಂಟೆನಾವನ್ನು ಬಿಚ್ಚಿಡುವುದೇ ಸರಿ. ಗೆರೆ ಗೋಡೆಯಂತೆ ನೆಟ್ಟಗೆ ಬಿದ್ದರೆ ಪ್ರಸಾರ ನಿಂತಿದೆ ಅಷ್ಟೆ; ಇನ್ನೊಂದು ಕೇಂದ್ರ ನೋಡಿ. ಜ್ವಾಲೆಯ ಗುರುತು ಬೇರೆ: ಕೆಲವೇ ನಿಮಿಷಗಳಲ್ಲಿ ಸರ್ರನೆ ಏರಿ, ಅರ್ಧ-ಮುಕ್ಕಾಲು ಗಂಟೆ ನಿಧಾನವಾಗಿ ಇಳಿಯುವ ಗುಡ್ಡ. ಕೆಲವು ದಾರಿಗಳಲ್ಲಿ ಅಲೆಗಳು ಒಂದನ್ನೊಂದು ಅಳಿಸಿ ಗುಡ್ಡದ ಬದಲು ಹಳ್ಳವೂ ಆಗಬಹುದು.

ಸೂರ್ಯನ ಎಕ್ಸ್ ಕಿರಣ ಅಳೆಯುವ ಅಮೆರಿಕದ ಗೋಸ್ (GOES) ಉಪಗ್ರಹದ ಗ್ರಾಫ್ ಅಂತರ್ಜಾಲದಲ್ಲಿದೆ. ಸಮಯ ಯುಟಿಸಿ ಎಂಬ ಜಾಗತಿಕ ಗಡಿಯಾರದ್ದು, ಐದೂವರೆ ಗಂಟೆ ಕೂಡಿಸಿಕೊಳ್ಳಿ. ಅಲ್ಲಿ 06:40ಕ್ಕೆ ಎಂ ಅಥವಾ ಎಕ್ಸ್ ದರ್ಜೆಯ, ಅಂದರೆ ಬಲವಾದ, ಜ್ವಾಲೆಯಿದ್ದರೆ ನಿಮ್ಮ ಗೆರೆಯಲ್ಲಿ ಮಧ್ಯಾಹ್ನ 12.10ರ ಆಸುಪಾಸು ಹುಡುಕಿ. 19:00ಕ್ಕಿದ್ದರೆ ನಮ್ಮಲ್ಲಿ ರಾತ್ರಿ 12.30. ಎಷ್ಟೇ ದೊಡ್ಡ ಜ್ವಾಲೆಯಾದರೂ ಗೆರೆಯಲ್ಲಿ ಅದರ ಸುಳಿವೇ ಇರುವುದಿಲ್ಲ.